ಅಮಿತಾಳ ಪ್ರೊಫೈಲ್

ನಾನು ಕೆಲಸಕ್ಕಿದ್ದ ಕುಂದಾಪುರದ ಮದುವೆ ಬ್ಯೂರೋದ ಡೇಟಾಬೇಸಿನಲ್ಲಿ ನನಗೆ ಬರೆಯುವ, ಅಳಿಸುವ ಅನುಮತಿ ಇರಲಿಲ್ಲ; ನೋಡಬಹುದಿತ್ತು ಅಷ್ಟೆ. ಪೂರ್ಣ ಅಧಿಕಾರ ಇದ್ದದ್ದು ಒಡತಿ ವಿನಯಕ್ಕನ ಲಾಗಿನ್‌ಗೆ ಮಾತ್ರ.

ನನಗೂ ಗಂಡು ಹುಡುಕುತ್ತಿದ್ದರು; ಏಪ್ರಿಲ್‌ನ ಒಂದು ಮಧ್ಯಾಹ್ನ ಅಲ್ಲೇ ಇದ್ದ ನನ್ನ ಪ್ರೊಫೈಲ್ ತೆರೆದೆ. ಪಟ್ಟಿಯಲ್ಲಿ ಅದರ ಮೇಲೆ ಇನ್ನೊಂದು ಬಂದು ಕೂತಿತ್ತು: ಅಮಿತಾ, ವಯಸ್ಸು ಇಪ್ಪತ್ತೊಂಬತ್ತು. ಕೂಸಾಗಿದ್ದಾಗಲೇ ತೀರಿಹೋದ ನನ್ನ ಅಕ್ಕ; ಬದುಕಿದ್ದರೆ ಈಗ ಅಷ್ಟೇ ವಯಸ್ಸು.

ತೋರಿಸಿದಾಗ ವಿನಯಕ್ಕ ಗದರಿದರು. "ಎಂತ ಹೆಣ್ಣೇ, ಸತ್ತವ್ರ್ ಹೆಸ್ರ್ ಹಾಕಿ ಕುಶಾಲ್ ಮಾಡ್ತ್ಯಾ?"

"ನಂಗ್ ಕಾಂಬುಕ್ ಮಾತ್ರ ಆಪ್ದಲ್ದಾ ಅಕ್ಕ?" ನೋಡಲಷ್ಟೇ ಅನುಮತಿ ಎಂದು ನೆನಪಿಸಿದೆ.

ಅಳಿಸಲು ಅವರೇ ಕೂತರು. ಆ ಸೆಕೆಯಲ್ಲೂ ಕೀಬೋರ್ಡ್ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಪರದೆಯ ಮೇಲೆ ಬಂದ ಉತ್ತರ: 'ನಿಮಗೆ ಅನುಮತಿ ಇಲ್ಲ.' ಮತ್ತೆ ಒತ್ತಿದರು. ಅದೇ ಉತ್ತರ.

ನಮ್ಮಲ್ಲಿ ಸತ್ತ ಮಕ್ಕಳಿಗೂ ಮದುವೆ ಮಾಡುವುದುಂಟು, ತಂಗಿಗಿಂತ ಮೊದಲು ಅಕ್ಕನಿಗೆ. ಅಮಿತಾಳಿಗೆ ಯಾರೂ ಮಾಡಿರಲಿಲ್ಲ.

ಆ ವಾರ ನನ್ನ ಮೂರು ಸಂಬಂಧಗಳು ತಪ್ಪಿಹೋದವು. ಬಂದಿದ್ದೇ ಮೂರು.