ಗಾಯವಿಲ್ಲದ ಹೆಬ್ಬೆರಳು

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಶಾಹನವಾಜ ನಿಪ್ಪಾಣಿಯ ಠಾಣೆಗೆ ಓಡಿಬಂದಾಗ, ಗುಂಡಿನ ಸದ್ದು ತಡೆಯಲು ಹಾಕುವ ಕಿವಿಮುಚ್ಚಳ ಇನ್ನೂ ಅವನ ಕೊರಳಲ್ಲೇ ನೇತಾಡುತ್ತಿತ್ತು. ಊರಾಚೆಯ ಹಳೆಯ ಕಲ್ಲುಗಣಿಯಲ್ಲಿ ನಡೆಯುವ ಶೂಟಿಂಗ್ ಕ್ಲಬ್ಬಿಗೆ ಅವನು ಕಾರ್ಯದರ್ಶಿ. ಇನ್‌ಸ್ಪೆಕ್ಟರ್ ತಸ್ಲೀಮ ಮುಲ್ಲಾ ಅವನನ್ನು ಕೂರಿಸಿ ನೀರು ಕೊಡಿಸಿದರು. ಅವನು ಕುಡಿಯಲಿಲ್ಲ.

"ಕಾಂಪಿಟೇಶನ್ ನಡದಿತ್ರಿ ಮೇಡಮ್. ನಮ್ಮ ಅಮೋಲ ದಾದಾ ಹೋದ. ಗುಂಡು ಸೀದಾ ಎದಿಗೆ ಬಿತ್ತು. ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತು."

"ಯಾರ ಪಿಸ್ತೂಲು?"

"ಸುಗಂಧಾಂದ್ರಿ. ಬೋರಗಾಂವದಾಕಿ. ಪಾಪ, ಆಕಿ ಬೇಕಂತ ಮಾಡಿಲ್ರಿ. ಹ್ಯಾಮರ್ ಇಳಸಾಕತ್ತಿದ್ಲು, ಹೆಬ್ಬೆರಳು ಜಾರ್ತು."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಗಂಗಾರಾಮನ ಪೆನ್ನು ಅಲ್ಲಿಗೇ ನಿಂತಿತು.

"ಏನಾತು?" ಎಂದರು ತಸ್ಲೀಮ.

"ಇದ ಮಾತು ಮೊದ್ಲೊಮ್ಮೆ ಕೇಳೇನ್ರಿ ಮೇಡಮ್. ಮೂರು ವರ್ಷದ ಹಿಂದ, ನಾ ನದಿ ಆಚಿಕಡಿ ಠಾಣೇದಾಗಿದ್ದಾಗ. ಆವಾಗ ಹಂಗಂದಾಂವ ಈ ಅಮೋಲನ. ಸತ್ತಾಂವ ವಿಶಾಲ ಅಂತ, ಇದ ಸುಗಂಧಾನ ಅಣ್ಣ."

ಶಾಹನವಾಜ ಗಡಬಡಿಸಿ ನಡುವೆ ಬಾಯಿ ಹಾಕಿದ. "ಅದಕ್ಕ ಹೇಳಾಕತ್ತೇನ್ರಿ, ಆಕಿ ದೊಡ್ಡ ಮನಸಿನಾಕಿ. ದಂಡ ಕಟ್ಟಿ ಅಮೋಲ ಹೊರಗ ಬಂದ ಮ್ಯಾಲ ತಾನ ಬಂದು, 'ದಾದಾ, ಆಗೂದು ಆಗಿಹೋತು, ನನಗ ಶೂಟಿಂಗ್ ಕಲಸು' ಅಂದ್ಲು. ದ್ವೇಷ ಇದ್ದಿದ್ರ ಆಂವನ ಕೈಯಾಗ ಕಲೀತಿದ್ಲೇನು? ಕ್ಲಬ್ಬಿನ್ಯಾಗ ಶಾಲು ಹೊಚ್ಚಿ ಸತ್ಕಾರ ಮಾಡೇವ್ರಿ ಆಕಿಗೆ!"

ಕೈಗೆ ಬಂದ ಮಾತನ್ನು ನಾಲ್ಕು ಸಲ ತಿರುಗಿಸಿ ನೋಡುವುದು ತಸ್ಲೀಮರ ಸ್ವಭಾವ. ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಿಸಿ, ಪಂಚರನ್ನು ಕರೆದುಕೊಂಡು ಗಣಿಗೆ ಹೊರಟರು.

ಸುತ್ತಲೂ ಕಬ್ಬು, ನಡುವೆ ತಗ್ಗಿನಲ್ಲಿ ಗಣಿ. ಎದುರಿಗೆ ಎರಡಾಳೆತ್ತರದ ಮಣ್ಣಿನ ಒಡ್ಡು, ಅದರ ಮುಂದೆ ಗುರಿಹಲಗೆಗಳು. ಶೂಟರ್ ನಿಲ್ಲುವ ಚೌಕಟ್ಟಿನ ಬಲಕ್ಕೆ, ಒಂದು ಮಾರು ಹಿಂದೆ, ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ಸ್ಪರ್ಧೆಯ ಅಧಿಕಾರಿಯಾಗಿ ಅಮೋಲ ನಿಂತಿದ್ದ ಜಾಗ ಅದು. ಪಿಸ್ತೂಲನ್ನು ಸೀಲು ಮಾಡಿ ವಶಕ್ಕೆ ತೆಗೆದುಕೊಂಡರು.

"ಹ್ಯಾಮರ್ ಇಳಸೂದು ಅಂದ್ರ ಹೆಂಗ? ಪಂಚರಿಗೂ ತಿಳೀಲಿ, ಹೇಳ್ರಿ."

ಶಾಹನವಾಜ ವಿವರಿಸಿದ. ಗುಂಡು ತುಂಬಿ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಉಕ್ಕಿನ ಸ್ಲೈಡು ಎಳೆದರೆ, ಗುಂಡನ್ನು ಸಿಡಿಸುವ ಹಿಂದಿನ ಹ್ಯಾಮರ್ ಎದ್ದು ನಿಲ್ಲುತ್ತದೆ. ಈ ಸ್ಪರ್ಧೆಯಲ್ಲಿ ಅದನ್ನು ಇಳಿಸಿಯೇ ಆಟ ಶುರುಮಾಡಬೇಕು. ಎಡಗೈ ಹೆಬ್ಬೆರಳಿನಿಂದ ಹ್ಯಾಮರ್ ಒತ್ತಿ ಹಿಡಿದು, ಬಲಗೈಯಿಂದ ಟ್ರಿಗರ್ ಒತ್ತಿ, ಮಲಗಿದ ಕೂಸನ್ನು ಇಳಿಸಿದಂತೆ ಮೆಲ್ಲಗೆ ಇಳಿಸಬೇಕು. ನಳಿಕೆ ಒಡ್ಡಿನ ಕಡೆಗೇ ಇರಬೇಕು. ಬೆರಳು ಜಾರಿದರೂ ಗುಂಡು ಮಣ್ಣಿಗೆ ಹೋಗಬೇಕು.

"ಮತ್ತ ಹಿಂದ ನಿಂತಾಂವನ ಎದಿಗೆ ಹೆಂಗ ಹೋತು?"

"ದಾದಾ ಏನೋ ಅಂದನಂತ್ರಿ, ಆಕಿ ಹಂಗ ಇಳಿಸ್ಕೋತನ ಅತ್ತ ತಿರುಗಿದ್ಲಂತ."

"ನೀವು ನೋಡಿದ್ರಿ?"

"ಇಲ್ರಿ. ನಾ ಟೈಮರ್ ನೋಡಾಕತ್ತಿದ್ದೆ. ಉಳದಾವ್ರು ಹಗ್ಗದಾಚಿ ಇದ್ರು, ಅವರಿಗೆ ಆಕಿ ಬೆನ್ನ ಕಂಡೈತಿ."

ಮಧ್ಯಾಹ್ನ ಸುಗಂಧಾ ಠಾಣೆಯಲ್ಲಿ ಕೂತಿದ್ದಳು. ಮೂವತ್ತರ ಹೆಣ್ಣು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಅತ್ತಿರಲಿಲ್ಲ. ಮಹಿಳಾ ಪೇದೆ ಕೊಟ್ಟ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಅಮೋಲ ಏನಂದ?"

"'ಸಾವಕಾಶ' ಅಂದ."

"ನೀವು ತಿರುಗಿದ್ರಿ?"

"ಹೌದ್ರಿ."

"ಆಮ್ಯಾಲೆ?"

"ಹೆಬ್ಬೆರಳು ಬೆವತಿತ್ತು. ಜಾರಿತು. ದೇವರಾಣಿ, ನನಗೇನೂ ತಿಳೀಲಿಲ್ಲ."

ಗಂಗಾರಾಮ ತಲೆ ಎತ್ತಿ ತಸ್ಲೀಮರನ್ನು ನೋಡಿದ. ಹೊರಗೆ ಬಂದ ಮೇಲೆ ಪಿಸುಗುಟ್ಟಿದ: "ಅಕ್ಷರಶಃ ಅಮೋಲನ ಮಾತ ಐತ್ರಿ. ಬೆವತದ್ದು, ಜಾರಿದ್ದು, ದೇವರಾಣಿ. ಒಂದೂ ಬಿಟ್ಟಿಲ್ಲ."

ಆದರೆ ತಸ್ಲೀಮರ ಕಣ್ಣಿಗೆ ಕಟ್ಟಿದ್ದು ಆ ಮಾತಲ್ಲ, ಕಪ್ಪು ಹಿಡಿದ ಕೈ. ಎಡಗೈ ಹೆಬ್ಬೆರಳಿನ ಉಗುರು ತಿಳಿಗುಲಾಬಿ ಬಣ್ಣಕ್ಕಿತ್ತು. ಒಂದು ಗೆರೆಯೂ ಮೂಡಿರಲಿಲ್ಲ. ತರಬೇತಿಯ ದಿನಗಳಲ್ಲಿ ಹೀಗೆಯೇ ಹ್ಯಾಮರ್ ಜಾರಿಸಿಕೊಂಡ ಗೆಳತಿಯೊಬ್ಬಳು ಅವರಿಗೆ ನೆನಪಾದಳು. ಗುಂಡು ಮಣ್ಣಿಗೆ ಹೋಗಿ ಯಾರಿಗೂ ಏನೂ ಆಗಲಿಲ್ಲ. ಆದರೆ ಅವಳ ಹೆಬ್ಬೆರಳಿನ ಚರ್ಮ ಸುಲಿದು, ಹೊಲಿಗೆ ಬಿದ್ದು, ತಿಂಗಳುಗಟ್ಟಲೆ ಉಗುರು ಕರಿದಾಗಿತ್ತು.

ಸಂಜೆಯೊಳಗೆ ಸುಗಂಧಾಳ ವೈದ್ಯಕೀಯ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಒಂದೇ ಸಾಲು: ಎರಡೂ ಕೈಗಳಲ್ಲಿ ಯಾವುದೇ ಗಾಯವಿಲ್ಲ.

ಮರುದಿನ ಕ್ಲಬ್ಬಿನಲ್ಲಿದ್ದ ಅದೇ ತರಹದ ಇನ್ನೊಂದು ಪಿಸ್ತೂಲು ತರಿಸಿದರು. ಖಾಲಿ ಇದೆ ಎಂದು ಮೂರು ಸಲ ನೋಡಿದ ಮೇಲೂ ತಸ್ಲೀಮರಿಗೆ ಸಮಾಧಾನವಾಗಲಿಲ್ಲ. ನಾಲ್ಕನೆಯ ಸಲ ನೋಡಿದರು. ಪಂಚರ ಮುಂದೆ ಹ್ಯಾಮರ್ ಮೇಲೆ ತಮ್ಮ ಹೆಬ್ಬೆರಳಿಟ್ಟರು.

"ಗಂಗಾರಾಮ, ಸ್ಲೈಡು ಹಿಂದಕ್ಕ ದಬ್ರಿ. ಮೆಲ್ಲಗ."

ಉಕ್ಕು ಹಿಂದೆ ಸರಿದು ಬೆರಳಿನ ಗೆಣ್ಣಿಗೆ ಒತ್ತಿತು. ಮೆಲ್ಲಗೆ ದಬ್ಬಿದರೂ ಕೆಂಪು ಗೆರೆ ಬಿತ್ತು.

"ಗುಂಡು ಹಾರಿದ್ರ ಈ ಸ್ಲೈಡು ಹಿಂಗ ಮೆಲ್ಲಗ ಬರೂದಿಲ್ಲ, ಹೊಡದಂಗ ಹಿಂದ ಬರತೈತಿ. ಜಾರಿದ ಬೆರಳು ಹೋಗೂದು ಎಲ್ಲಿಗೆ? ಇದರ ದಾರಿಯಾಗ ಇರತೈತಿ. ಆಕಿ ಬೆರಳು ಅಲ್ಲಿ ಇರಲಿಲ್ಲ."

"ಅಂದ್ರ ಹ್ಯಾಮರ್ ಹಿಡದ ಇಲ್ಲ," ಎಂದ ಗಂಗಾರಾಮ. "ತಿರುಗಿ, ಗುರಿ ಇಟ್ಟು, ಒತ್ಯಾಳ." ಆಮೇಲೆ ದನಿ ತಗ್ಗಿಸಿದ. "ಮೇಡಮ್, ಅವತ್ತ ಅಮೋಲಂದು ಕೈ ಯಾರೂ ನೋಡಲಿಲ್ರಿ."

ಬೋರಗಾಂವದ ಮನೆಯಲ್ಲಿ ಸುಗಂಧಾಳ ತಾಯಿ ಸುಂದ್ರವ್ವ ಪವರ್‌ಲೂಮಿನ ಸದ್ದಿನ ನಡುವೆಯೇ ಎದ್ದು ಬಂದಳು. ಪೊಲೀಸರನ್ನು ಒಳಗೆ ಕರೆಯಲಿಲ್ಲ; ಬಾಗಿಲಿಗೆ ಅಡ್ಡ ನಿಂತೇ ಮಾತಾಡಿದಳು.

"ಈಗ ಬಂದ್ರೇನು? ಆವಾಗ ಎಲ್ಲಿ ಹೋಗಿದ್ರಿ?"

"ಆವಾಗ ಏನಾಗಿತ್ತವ್ವಾ?"

"ಸ್ಟೇಟ್ ಟೀಮಿಗೆ ಒಂದ ಜಾಗ ಇತ್ತು. ನನ್ನ ಮಗಗ ಸಿಕ್ತು, ಅಮೋಲಗ ಇಲ್ಲ. ಎಂಟು ದಿನದಾಗ ದ್ರಾಕ್ಷಿ ತ್ವಾಟಕ್ಕ ಊಟಕ್ಕ ಕರದಾ, ಪಿಸ್ತೂಲು ತೋರಸ್ತೇನಿ ಅಂದ, ಕೊಂದ. ಆ ಜಾಗದಾಗ ತಾನ ಹೋಗಿ ಆಡಿ ಬಂದ."

"ಜಾರಿತು ಅಂದನಲ್ಲ?"

ಸುಂದ್ರವ್ವ ನಕ್ಕಳು. ಆ ನಗು ನೋಡಿ ಗಂಗಾರಾಮ ಮುಖ ತಿರುಗಿಸಿದ.

"ಜಾರೂದು ಅಂದ್ರೇನಂತ ಈ ಮನ್ಯಾಗ ಗೊತ್ತೈತಿ. ನನ್ನ ವಿಶಾಲಂದು ಒಮ್ಮೆ ಜಾರಿತ್ತು. ಆ ಬೆರಳಿಗೆ ಅರಿಷಿಣ ಹಚ್ಚಿ, ಪಟ್ಟಿ ಕಟ್ಟಿ, ಹದಿನೈದು ದಿನ ಅಣ್ಣನ ಅಂಗಿ ಗುಂಡಿ ಹಾಕಿಕೊಟ್ಟಾಕಿ ಸುಗಂಧಾ. ಅಣ್ಣ ಸತ್ತ ದಿನ ಆಕಿ ಹೆಣದ ಮುಂದ ಕೂಡಲಿಲ್ಲ. ಅಮೋಲನ ಕೈ ಹಿಡಕೊಂಡು ನಿಂತ್ಲು. ನೋಡ್ರಿ, ಆಂವಗ ಸಮಾಧಾನ ಹೇಳಾಕತ್ತಾಳ ಅಂದ್ರು ಮಂದಿ. ಆಕಿ ಬೆರಳು ನೋಡಾಕತ್ತಿದ್ಲು. ಒಂದು ಗೀರೂ ಇರಲಿಲ್ಲ."

"ಯಾರಿಗೂ ಹೇಳಲಿಲ್ಲೇನು?"

"ಹೇಳಿದ್ಲು. ಆವಾಗಿನ ಪೊಲೀಸ್ ಸಾಹೇಬ, 'ಪಿಸ್ತೂಲಂದ್ರ ನಿನಗೇನ ತಿಳೀತೈತಿ, ರೊಟ್ಟಿ ಬಡಿ ಹೋಗು' ಅಂದ. ಅದಕ್ಕ ಕಲತ್ಲು." ಸುಂದ್ರವ್ವ ಸೆರಗನ್ನು ಸೊಂಟಕ್ಕೆ ಬಿಗಿದಳು. "ಬರಕೋರಿ. ನಾನ ಹೇಳೇನಿ ಅಂತ ಬರಕೋರಿ."

ಸೋಮವಾರ ಮಧ್ಯಾಹ್ನ ಮೂರಕ್ಕೆ ಪ್ರಕರಣ ಕೊಲೆ ಎಂದು ಬದಲಾಯಿತು. ಬಂಧನದ ಕಾರಣಗಳನ್ನು ತಸ್ಲೀಮ ತಾವೇ ಓದಿ ಹೇಳಿದರು. ಸುಗಂಧಾ ಕೊನೆಯವರೆಗೂ ಕೇಳಿಸಿಕೊಂಡಳು.

"ಎದರ ಮ್ಯಾಲಿಂದ ಕೊಲೆ ಅಂತೀರಿ?"

"ನಿಮ್ಮ ಹೆಬ್ಬೆರಳಿಗೆ ಗಾಯ ಇಲ್ಲ."

ಸುಗಂಧಾ ದೀರ್ಘವಾಗಿ ಉಸಿರು ಬಿಟ್ಟಳು, ಮೂರು ವರ್ಷ ಎದೆಯಲ್ಲಿ ಹಿಡಿದಿಟ್ಟಿದ್ದನ್ನು ಬಿಡುವವಳಂತೆ.

"ಬೆರಳು ಅಡ್ಡ ಇಟ್ಟು ಕೊಯ್ಸಿಕೊಳ್ಳೂದು ನನಗ ಕಠಿಣ ಇರಲಿಲ್ರಿ. ಕೊಯ್ಸಿಕೊಂಡಿದ್ರ ಆಂವನಂಗ ದಂಡ ಕಟ್ಟಿ ಮನಿಗೆ ಹೋಗ್ತಿದ್ದೆ. ನೀವು ನೋಡ್ಲಿ ಅಂತನ ಬೆರಳು ಹಂಗ ಬಿಟ್ಟೆ. ಈಗ ಕೋರ್ಟಿಗೆ ಬರೀರಿ ಮೇಡಮ್, ಜಾರಿದ್ದಾದ್ರ ಬೆರಳು ಹಿಂಗ ಇರೂದಿಲ್ಲ ಅಂತ ಬರೀರಿ. ನನ್ನ ಹೆಸರಿನ್ಯಾಗ ಬರದ್ರೂ ಅದು ಆಂವನ ಸುದ್ದಿ."

"ಸಾಯೋ ಮುಂಚೆ ಅಮೋಲಗ ತಿಳೀತೇನು?"

"'ಸಾವಕಾಶ, ಬೆರಳು ಇಡು' ಅಂದ. 'ಅವತ್ತ ನಮ್ಮಣ್ಣನ ಮುಂದ ನೀ ಬೆರಳು ಇಟ್ಟಿದ್ದೇನು?' ಅಂದೆ. ತಿಳೀತು."

ರಿಮಾಂಡ್ ಅರ್ಜಿಯಲ್ಲಿ ತಸ್ಲೀಮ, ಜಾರಿದ್ದರೆ ಬೆರಳಿಗೆ ಗಾಯವಾಗಲೇಬೇಕಿತ್ತು ಎಂಬ ಸಾಲನ್ನು ಬರೆದರು. ಬರೆದು ಒಮ್ಮೆ ಹೊಡೆದುಹಾಕಿದರು, ಮತ್ತೆ ಬರೆದರು. ಇದು ತಾವು ಹಿಡಿದ ಸಾಕ್ಷಿಯೋ, ಅವಳು ಕೈಗಿಟ್ಟ ಸಾಕ್ಷಿಯೋ ಎಂದು ಅವರಿಗೆ ತಳಮಳವಾಗುತ್ತಿತ್ತು. ಆದರೆ ಸಾಲು ನಿಜವಾಗಿತ್ತು.

ಬೆರಳಚ್ಚು ತೆಗೆಯುವಾಗ ಮಹಿಳಾ ಪೇದೆ ಅವಳ ಹೆಬ್ಬೆರಳನ್ನು ಮಸಿಯಲ್ಲಿ ಹೊರಳಿಸಿ ಕಾಗದಕ್ಕೊತ್ತಿದಳು. ಒರೆಸಿಕೊಳ್ಳಲು ಸೀಮೆಎಣ್ಣೆಯ ಬಟ್ಟೆ ಮುಂದೆ ಮಾಡಿದಾಗ ಸುಗಂಧಾ ಕೈ ಹಿಂದಕ್ಕೆ ಎಳೆದುಕೊಂಡಳು.

"ಇರಲಿ ಬಿಡ್ರಿ. ಅವ್ವ ನೋಡ್ಲಿ."

ಸುಂದ್ರವ್ವ ಠಾಣೆಯ ಗೇಟಿನಲ್ಲಿ ನಿಂತಿದ್ದಳು. ಜೀಪು ಹತ್ತುವ ಮುನ್ನ ಮಗಳು ಕರಿ ಹತ್ತಿದ ಹೆಬ್ಬೆರಳನ್ನು ಎತ್ತಿ ಹಿಡಿದಳು. ತಾಯಿ ಹತ್ತಿರ ಬಂದು, ಮಗನ ಪೆಟ್ಟಾದ ಬೆರಳನ್ನು ಹಿಂದೊಮ್ಮೆ ಊದಿದ ಹಾಗೆಯೇ, ಆ ಬೆರಳಿನ ಮೇಲೆ ಮೆಲ್ಲಗೆ ಊದಿದಳು.