ಮೂರು ಕೊಟೇಷನ್, ಒಂದೇ ಗಂಟಲು

ತಂಪು ಮಾರುವವನ ತಲೆ ಮಾತ್ರ ಸದಾ ಬಿಸಿ ಎಂಬುದು ಮರಳೂರಿನಲ್ಲಿ ವಾದಿರಾಜನ ಎಸಿ ಅಂಗಡಿಗೆ ಹೋಗಿ ಬಂದವರಿಗೆಲ್ಲ ಗೊತ್ತಿತ್ತು. ಆ ಬಿಸಿಯ ಮೂಲ ಯಾವುದೆಂಬುದು ಮಾತ್ರ ವಾದಿರಾಜನೊಬ್ಬನಿಗೇ ಗೊತ್ತಿತ್ತು. ಅದರ ಹೆಸರು ಗಂಗಾಂಬಿಕೆ, ವಿಳಾಸ ಎರಡನೇ ಕ್ರಾಸು.

ಹೋದ ಬೇಸಿಗೆಯಲ್ಲಿ ಆಕೆ ಅಂಗಡಿಗೆ ಬಂದು, ಓಡುತ್ತಿದ್ದ ಎಸಿಯ ಕೆಳಗೇ ಕುರ್ಚಿ ಎಳೆದುಕೊಂಡು, ಹನ್ನೊಂದರಿಂದ ಎರಡೂವರೆಯವರೆಗೆ ಕೂತಿದ್ದರು. ಒಂದು ಟನ್ನಿಗೆಷ್ಟು, ಒಂದೂವರೆಗೆಷ್ಟು, ಐದು ಸ್ಟಾರ್ ಅಂದರೆ ಏನು ಆಕಾಶದಿಂದ ಉದುರಿದ್ದೇ ಎಂದು ಕೇಳಿ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು. ಅವನೇ ತರಿಸಿಕೊಟ್ಟ ಮಜ್ಜಿಗೆ ಎರಡು ಲೋಟ ಕುಡಿದರು. ಕೊನೆಗೆ ಸೆರಗು ಸರಿಮಾಡಿಕೊಂಡು ಎದ್ದು, "ಈ ವರ್ಷಕ್ಕೆ ಇಷ್ಟು ತಂಪು ಸಾಕು ಕಣಪ್ಪಾ" ಎಂದು ಹೊರಟೇಬಿಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ವಾದಿರಾಜ ಮಜ್ಜಿಗೆಯ ಜೊತೆ ಅವಮಾನವನ್ನೂ ಖರ್ಚಿಗೆ ಬರೆದುಕೊಳ್ಳುತ್ತಿದ್ದ. ಆದರೆ ಎರಡನೇ ಕ್ರಾಸಿನ ಮೂವತ್ತೆರಡು ಮನೆಗೂ ಗಂಗಾಂಬಿಕೆಯ ಮಾತೇ ಮಾರ್ಕೆಟ್ ರೇಟು. "ವಾದಿರಾಜನ ಹತ್ರ ದುಬಾರಿ" ಎಂದು ಆಕೆ ತರಕಾರಿ ಗಾಡಿಯ ಮುಂದೆ ಒಂದು ಸಲ ಅಂದದ್ದಕ್ಕೆ ಇಡೀ ಬೀದಿ ಫ್ಯಾನಿನ ಗಾಳಿಯಲ್ಲೇ ಬೇಸಿಗೆ ಕಳೆಯಿತು. ಈ ವರ್ಷ ಕಂಪನಿಯವರು ಖಡಾಖಂಡಿತ ಹೇಳಿದ್ದರು: ಮೇ ಮುಗಿಯುವುದರೊಳಗೆ ಮೂವತ್ತು ಎಸಿ ಹೋಗದಿದ್ದರೆ ಡೀಲರ್‌ಶಿಪ್ ಬೇರೆಯವರಿಗೆ. ಹತ್ತು ವರ್ಷ ಕಟ್ಟಿದ ಅಂಗಡಿ, ಬೋರ್ಡಿನ ಮೇಲಿನ ಹೆಸರು, ಎಲ್ಲ ಒಬ್ಬ ಹೆಂಗಸಿನ ನಾಲಗೆಯ ಮೇಲೆ ನಿಂತಿತ್ತು. ಆಕೆ ಕೊಂಡರೆ ಬೀದಿ ಕೊಳ್ಳುತ್ತದೆ. ಅದೂ ಅವನು ಹೇಳಿದ ರೇಟಿಗೆ ಕೊಂಡರೆ, ಬೀದಿಯೂ ಅದೇ ರೇಟಿಗೆ.

ಗಂಗಾಂಬಿಕೆ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದವರು. ಅವರು ಕಚೇರಿ ಬಿಟ್ಟಿದ್ದರು, ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಮನೆಗೆ ಮಿಕ್ಸಿ ಕೊಂಡರೂ ಮೂರು ಕೊಟೇಷನ್ ಬೇಕು. ಈ ಅಭ್ಯಾಸದಲ್ಲೇ ವಾದಿರಾಜನಿಗೆ ಬಾಗಿಲು ಕಂಡಿತು. ಮೂರು ಕೊಟೇಷನ್ ತಾನೇ? ಮೂರನ್ನೂ ತಾನೇ ಕೊಟ್ಟರಾಯಿತು.

ದನಿಗೇನೂ ಬರವಿರಲಿಲ್ಲ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಫೋನ್ ಮಾಡಿ ಇಡೀ ಕಾಲೇಜಿಗೆ ಮಧ್ಯಾಹ್ನದ ರಜೆ ಕೊಡಿಸಿದ ಪುಣ್ಯಾತ್ಮ ಅವನು. ಕೌಂಟರಿನ ಮೇಲೆ ಕೂತು, ಯಾರೇ ಮೊಬೈಲಿನಿಂದ ದುಡ್ಡು ಹಾಕಿದರೂ ಕೂಗಿ ಹೇಳುವ ಪೇಮೆಂಟ್ ಡಬ್ಬಿಯ ಹೆಣ್ಣುದನಿಯನ್ನೂ ಬಿಟ್ಟಿರಲಿಲ್ಲ. ಸರ್ವಿಸ್ ಮಾಡಿಸಿಕೊಂಡು ಮೆಲ್ಲಗೆ ಜಾರುವವರ ಬೆನ್ನಿಗೆ ಅದೇ ದನಿಯಲ್ಲಿ, "ಆರುನೂರು ರೂಪಾಯಿ ಇನ್ನೂ ಬಂದಿಲ್ಲ" ಎನ್ನುತ್ತಿದ್ದ. ಜನ ಡಬ್ಬಿಗೆ ಹೆದರಿ ವಾಪಸು ಬರುತ್ತಿದ್ದರು.

ಮೊದಲು ಎರಡು ಕರಪತ್ರ ಅಚ್ಚಾಯಿತು. ಒಂದು ಕುಣಿಗಲ್‌ನ ಅಂಜನ್‌ಕುಮಾರ್ ಎಂಬ ಡೀಲರನದು, ಇನ್ನೊಂದು ಗುಬ್ಬಿಯ ಅಣ್ಣಯ್ಯಪ್ಪನದು. ಇಬ್ಬರೂ ವಾದಿರಾಜನ ಗಂಟಲಲ್ಲಿ ಬಿಟ್ಟರೆ ಬೇರೆಲ್ಲೂ ವಾಸವಿರಲಿಲ್ಲ. ಕುಣಿಗಲ್‌ಗೆ ಹೊಸ ಸಿಮ್ ಕೊಂಡ. ಗುಬ್ಬಿಗೆ ಖರ್ಚೇಕೆ ಎಂದು, ತಾನು ಅಲ್ಲಿ ಕೆಲಸ ಕಲಿಯುತ್ತಿದ್ದಾಗಿನ ಹಳೇ ನಂಬರನ್ನೇ ಹಾಕಿದ. ವರ್ಷಗಳಿಂದ ಬ್ಯಾಂಕಿನವರನ್ನು ಬಿಟ್ಟರೆ ಆ ನಂಬರನ್ನು ನೆನೆದವರಿಲ್ಲ. ಏಪ್ರಿಲ್ ಮೊದಲ ವಾರ ಎರಡನೇ ಕ್ರಾಸಿನ ಪೇಪರುಗಳ ಮಡಿಕೆಯಲ್ಲಿ ಎರಡೂ ಕರಪತ್ರ ಮಲಗಿದ್ದವು.

ಮಾರನೇ ದಿನವೇ ಗಂಗಾಂಬಿಕೆ ಬಂದರು. ವಾದಿರಾಜ ತಣ್ಣಗೆ ತನ್ನ ಕೊಟೇಷನ್ ಬರೆದುಕೊಟ್ಟ. ಒಂದೂವರೆ ಟನ್ ಐದು ಸ್ಟಾರಿಗೆ ನಲವತ್ತೈದು ಸಾವಿರ, ಸ್ಟೆಬಿಲೈಸರಿಗೆ ಮೂರೂವರೆ, ಹತ್ತಡಿ ತಾಮ್ರದ ಪೈಪಿಗೆ ಮೂರು. ಸ್ಟ್ಯಾಂಡು, ಗೋಡೆಗೆ ತೂತು, ಫಿಟ್ಟಿಂಗು, ಮೇಲೆ ಗ್ಯಾಸ್ ಚೆಕಪ್ ಎಂಬ ಪಂಚಾಮೃತ. ಒಟ್ಟು ಐವತ್ತೆಂಟೂವರೆ ಸಾವಿರ.

"ಬೇರೆ ಕಡೇನೂ ವಿಚಾರಿಸಿ ಮೇಡಂ. ನನ್ ಮಾತು ನಂಬ್ಲೇಬೇಡಿ" ಎಂದ. ಇಷ್ಟು ಪ್ರಾಮಾಣಿಕವಾದ ಮಾತನ್ನು ಅವನು ಆ ವರ್ಷ ಆಡಿದ್ದು ಅದೊಂದೇ.

ಸಂಜೆ ಕುಣಿಗಲ್ ಫೋನು ಬಡಿದುಕೊಂಡಿತು. ಅಂಜನ್‌ಕುಮಾರ್ ಮೂಗಿನಲ್ಲೇ ಮಾತಾಡುವ ಗತ್ತಿನ ಆಸಾಮಿ. "ಆ್ಯಕ್ಚುಲಿ ಮ್ಯಾಮ್, ಮಾರ್ಕೋನಹಳ್ಳಿ ಡ್ಯಾಮ್ ಸೈಡಲ್ಲಿ ಒಂದು ರೆಸಾರ್ಟ್‌ಗೆ ಎಂಟು ಪೀಸ್ ಹಾಕ್ತಾ ಇದೀವಿ, ಸಿಂಗಲ್ ಪೀಸ್‌ಗೆಲ್ಲಾ ಬರಲ್ಲ, ನಿಮಗೋಸ್ಕರ ಅಂತ ಅರವತ್ತಾರು" ಎಂದ. ಗಂಗಾಂಬಿಕೆ "ನಮಗೋಸ್ಕರ ಬೇಡ, ನಿಮ್ಮ ರೆಸಾರ್ಟಿಗೇ ಹಾಕ್ಕೊಳಿ" ಎಂದು ಇಟ್ಟರು. ವಾದಿರಾಜ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಅಣ್ಣಯ್ಯಪ್ಪನಿಗೆ ಇನ್ನೂ ಹೆಚ್ಚಿನ ತಯಾರಿ. ಟೇಬಲ್ ಫ್ಯಾನಿನ ರೆಕ್ಕೆಗೆ ವಿಸಿಟಿಂಗ್ ಕಾರ್ಡ್ ತಾಗಿಸಿದರೆ ಫಟಫಟ ಎಂದು ಹೆಲಿಕಾಪ್ಟರ್ ಹಾರುತ್ತಿತ್ತು. "ಒಸಿ ತಡೀರಿ ತಾಯಿ, ಬಿದರೆಹಳ್ಳಿ ಕಾವಲ್ ಹೆಲಿಕಾಪ್ಟರ್ ಫ್ಯಾಕ್ಟ್ರಿ ಕಡೆಯಿಂದ ಬತ್ತಾ ಐತೆ, ಹೋಗ್ಲಿ" ಎಂದರೆ ಯಾರಿಗೆ ಅನುಮಾನ? ದನಿಯಂತೂ ಗುಬ್ಬಿಯಲ್ಲಿ ಅವನಿಗೆ ಕೆಲಸ ಕಲಿಸಿದ ಮುದುಕನದೇ. ಸುಳ್ಳು ಹೇಳಿದರೆ ಕೈಗೆ ಕರೆಂಟು ಹೊಡೆಯುತ್ತದೆ ಎಂದು ನಂಬಿ ಬದುಕಿ, ನಂಬಿಯೇ ಕಣ್ಣು ಮುಚ್ಚಿದ ಜೀವ.

ಗುಬ್ಬಿ ನಂಬರಿಗೂ ಗಂಗಾಂಬಿಕೆಯ ಕರೆ ಬಂತು, ಹೆಲಿಕಾಪ್ಟರ್ ಹಾರಿ ಹೋಯಿತು. ಅಣ್ಣಯ್ಯಪ್ಪ ಕೆಮ್ಮಿ, ಅರವತ್ತೆರಡು ಎಂದ. ಕೆಲಸ ಮುಗಿದಿತ್ತು. ಆಗ ಗಂಗಾಂಬಿಕೆ ಕೇಳಿದರು: "ಅಲ್ಲ ಅಣ್ಣಯ್ಯಪ್ಪನೋರೇ, ನಮ್ಮದು ಹತ್ತು ಹನ್ನೆರಡರ ರೂಮು, ಮೇಲೆ ಇನ್ನೊಂದು ಮನೆ ಐತೆ. ನಿಮ್ಮನೇಗೇ ಆಗಿದ್ರೆ ಏನ್ ಹಾಕಿಸ್ತಿದ್ರಿ?"

ವಾದಿರಾಜ ಬಾಯಿ ತೆರೆದ. ಮಾತಾಡಿದ್ದು ಮುದುಕ. "ಅಂಗ್ ಕೇಳಿ ಮತ್ತೆ! ಮ್ಯಾಲೆ ಮನೆ ಐತೆ ಅಂದ್ರೆ ತಾರಸಿ ಕಾಯಕ್ಕಿಲ್ಲ, ಒಂದು ಟನ್ ಧಾರಾಳ ಆಯ್ತದೆ. ಮೂರು ಸ್ಟಾರ್‌ದು ಮೂವತ್ಮೂರು ಸಾವ್ರ. ಹತ್ತಡಿ ಪೈಪು ಬಾಕ್ಸಲ್ಲೇ ಬತ್ತದೆ, ಅದಕ್ಕೆ ದುಡ್ ಕೇಳೋನು ಕಳ್ಳ. ಹೊಸಾ ಎಸಿಗೆ ಗ್ಯಾಸ್ ಚೆಕಪ್ ಅನ್ನೋನು ಅವನಪ್ಪನಂಥ ಕಳ್ಳ. ಸ್ಟ್ಯಾಂಡು, ತೂತು, ಫಿಟ್ಟಿಂಗು ಎಲ್ಲಾ ಸೇರಿ ಮೂವತ್ತೇಳರೊಳಗೆ ಮುಗೀತದೆ ಬುಡಿ."

ಫೋನಿಟ್ಟ ಮೇಲೆ ವಾದಿರಾಜ ಐದು ನಿಮಿಷ ಕನ್ನಡಿ ನೋಡಿಕೊಂಡ. ಹತ್ತು ವರ್ಷದಿಂದ ಗಿರಾಕಿಗಳಿಗೆ ಹೇಳದೆ ಮುಚ್ಚಿಟ್ಟದ್ದನ್ನೆಲ್ಲ ಸತ್ತ ಮುದುಕ ಒಂದೇ ಉಸಿರಿನಲ್ಲಿ ಒದರಿದ್ದ. ಆದರೆ ಗಾಬರಿ ಬೇಗ ಇಳಿಯಿತು. ಅಣ್ಣಯ್ಯಪ್ಪನಿಗೆ ಬಾಯಿದ್ದೀತು, ಸ್ಟಾಕ್ ಇರಬೇಕಲ್ಲ? "ಮಾಲು ಜೂನ್‌ಗೇ ತಾಯಿ" ಎಂದರಾಯಿತು. ಮರಳೂರಿನ ಬಿಸಿಲು ಜೂನ್‌ವರೆಗೆ ಕಾಯುವುದಿಲ್ಲ. ಬೆವರು ಯಾವ ಕೊಟೇಷನ್ನನ್ನೂ ಓದುವುದಿಲ್ಲ. ಪ್ರಾಣ ಹೋಗುವ ಸೆಕೆಯಲ್ಲಿ ಹತ್ತಿರದ ಅಂಗಡಿಯೇ ಅಗ್ಗದ ಅಂಗಡಿ.

ಮೂರನೇ ದಿನ ಮಧ್ಯಾಹ್ನ ಒಂದೂವರೆಗೆ, ಬೀದಿನಾಯಿಯೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಗಂಗಾಂಬಿಕೆ ಕೊಡೆ ಮಡಿಸುತ್ತ ಒಳಬಂದರು. ವಾದಿರಾಜ ಕಂಡ ಕೂಡಲೇ ಎರಡೂ ಕಳ್ಳ ಫೋನುಗಳನ್ನು ಸೈಲೆಂಟ್ ಮಾಡಿ ಡ್ರಾಯರಿಗೆ ತಳ್ಳಿದ. ಇಂಥ ಸಣ್ಣಪುಟ್ಟದರಲ್ಲೇ ದೊಡ್ಡ ದೊಡ್ಡವರು ಸಿಕ್ಕಿಬೀಳುವುದು ಎಂದು ಅವನಿಗೆ ಗೊತ್ತಿತ್ತು.

ಆಕೆ ಅದೇ ಕುರ್ಚಿ, ಅದೇ ಎಸಿಯ ಕೆಳಗೆ. "ಬೇಜಾರ್ ಮಾಡ್ಕೋಬೇಡಪ್ಪಾ. ಗುಬ್ಬಿಯವರಿಗೇ ಕೊಡ್ತಾ ಇದೀನಿ. ನಿಂಗೆ ಮುಖಕ್ಕೇ ಹೇಳಿ ಹೋಗಣ ಅಂತ ಬಂದೆ."

"ಅಯ್ಯೋ, ಅದಕ್ಕೇನ್ ಮೇಡಂ" ಎಂದ ವಾದಿರಾಜ, ನಗುವಿಗೆ ಬೆಣ್ಣೆ ಹಚ್ಚಿ. "ಆದ್ರೆ ಈ ಸೀಸನ್‌ನಲ್ಲಿ ಅವರ ಹತ್ರ ಮಾಲ್ ಇರುತ್ತಾ?"

"ಮಾಲು ಎಲ್ಲಾದ್ರೂ ಸಿಗುತ್ತೆ ಕಣೋ, ಅಂಥ ಮನುಷ್ಯ ಸಿಗಲ್ಲ. ಬೀದಿಯೋರಿಗೆಲ್ಲಾ ಹೇಳಿದೀನಿ, ಹನ್ನೊಂದು ಮನೆಯೋರು ಹಾಕಿಸ್ಕೊತಾರಂತೆ. ಅಡ್ವಾನ್ಸ್ ಕಳಿಸ್ಬೇಕು, ಹೊರಗೆ ಬೆಂಕಿ, ಇಲ್ಲೇ ತಣ್ಣಗೆ ಕೂತು ಕಳಿಸ್ಲಾ?"

"ಧಾರಾಳವಾಗಿ" ಎಂದ. ಹನ್ನೊಂದು ಮನೆ! ಜೂನ್ ಜೂನ್ ಎಂದು ಸತಾಯಿಸಿ, ಮೇ ಒಳಗೇ ಹನ್ನೊಂದನ್ನೂ ಇತ್ತ ತಿರುಗಿಸಿಕೊಳ್ಳಬಹುದು. ಮನಸ್ಸಿನಲ್ಲೇ ಮುದುಕನ ಪಾದಕ್ಕೆ ಬಿದ್ದ. ಮಜ್ಜಿಗೆಗೂ ಹೇಳಿದ.

ಗಂಗಾಂಬಿಕೆ ಕರಪತ್ರ ಬಿಚ್ಚಿ, ಫೋನನ್ನು ಮೂಗಿನಿಂದ ಒಂದು ಮೊಳ ದೂರ ಹಿಡಿದು, ಗುಬ್ಬಿಯ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿದರು. "ಕನ್ನಡಕ ಮನೇಲೇ ಬಿಟ್ಟೆ, ಇಂಗ್ಲಿಷಲ್ಲಿ ಏನೋ ಹೆಸರು ತೋರಿಸ್ತಾ ಐತೆ, ಇರ್ಲಿ. ಮೊದ್ಲು ಒಂದೇ ರೂಪಾಯಿ ಹಾಕಿ, ಬಂತಾ ಅಂತ ಕೇಳಿ, ಆಮೇಲೇ ಮಿಕ್ಕಿದ್ದು ಕಳ್ಸೋದು ನಾನು" ಎನ್ನುತ್ತ ಬೆರಳು ಊರಿದರು. ಹತ್ತು ವರ್ಷದ ಹಿಂದೆ ಅಂಗಡಿಗೆ ಬ್ಯಾಂಕ್ ಖಾತೆ ತೆರೆದಾಗ ಅರ್ಜಿಯಲ್ಲಿ ಬರೆದುಕೊಟ್ಟದ್ದು ಆ ಹಳೇ ನಂಬರನ್ನೇ ಎಂಬುದು ವಾದಿರಾಜನಿಗೆ ನೆನಪಾಗುವಷ್ಟರಲ್ಲಿ ಕೌಂಟರಿನ ಮೇಲಿನ ಡಬ್ಬಿ ಗಂಟಲು ಸರಿಮಾಡಿಕೊಂಡಿತ್ತು. "ಒಂದು ರೂಪಾಯಿ ಸ್ವೀಕರಿಸಲಾಗಿದೆ" ಎಂದಿತು, ಯಾರೂ ಮಿಮಿಕ್ರಿ ಮಾಡದ ಸ್ವಂತ ದನಿಯಲ್ಲಿ. ಗಂಗಾಂಬಿಕೆ ಡಬ್ಬಿಯನ್ನು ನೋಡಿದರು. ಕರಪತ್ರವನ್ನು ನೋಡಿದರು. ಎಸಿಯ ಕೆಳಗೂ ಬೆವರುತ್ತಿದ್ದ ವಾದಿರಾಜನನ್ನು ನಿಧಾನವಾಗಿ, ಕಡತ ಪರಿಶೀಲಿಸುವವರಂತೆ, ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಮಜ್ಜಿಗೆಯ ಲೋಟ ಕೈಗೆತ್ತಿಕೊಂಡು ಕೇಳಿದರು: "ಬಂತಾ, ಅಣ್ಣಯ್ಯಪ್ಪನೋರೇ? ಹಂಗಾದ್ರೆ ಹನ್ನೊಂದು ಮನೆಗೂ ಮೂವತ್ತೇಳರೊಳಗೇ ತಾನೇ?"