ಮೂವತ್ತೇಳು ಉಸಿರು

ನಾನು ಓದಿದ್ದು ಭೌತಶಾಸ್ತ್ರ, ಮಾಡುವುದು ಧ್ವನಿಮುದ್ರಣದ ಕೆಲಸ. ಅಳೆದು ನೋಡದೆ ಏನನ್ನೂ ನಂಬುವವನಲ್ಲ.

ನನ್ನ ಅಕ್ಕ ಮೊದಲು ಮಾಡೆಲ್ ಆಗಿದ್ದಳು, ಆಮೇಲೆ ನಟಿ. ನಲವತ್ತರ ಹೊಸ್ತಿಲಲ್ಲಿ ಹಾಡಲು ಹೊರಟಾಗ, ಮುಖ ನೋಡಿ ಮಣೆ ಹಾಕಿದ್ದಾರೆ ಎಂದು ಎಲ್ಲರೂ ಆಡಿಕೊಂಡರು. ಅವಳ ಮೊದಲ ಹಾಡನ್ನು ಮುದ್ರಿಸಿಕೊಂಡವನು ನಾನೇ. ಯಾರೂ ತಪ್ಪು ಹುಡುಕಬಾರದೆಂದು, ಸಾಲುಗಳ ನಡುವೆ ಅವಳು ಉಸಿರೆಳೆದುಕೊಂಡ ಸದ್ದನ್ನೆಲ್ಲ ಕತ್ತರಿಸಿ ತೆಗೆದೆ.

"ಬಿಡೋ, ಅದೂ ನಂದೇ. ಫೋಟೋದಲ್ಲಿ ನನ್ನ ಮಚ್ಚೆ ಅಳಿಸಿದ್ರು, ಸಿನಿಮಾದಲ್ಲಿ ಬೇರೆಯವಳ ದನಿ ಹಾಕಿದ್ರು. ಈಗ ನೀನು ಉಸಿರನ್ನೂ ತೆಗೀತೀಯಾ?"

"ಸುಮ್ನಿರಕ್ಕ, ನಿನಗೆ ಗೊತ್ತಾಗಲ್ಲ," ಎಂದೆ.

ಹಾಡು ಹೊರಬರುವ ಮೊದಲೇ ಅವಳು ಶ್ವಾಸಕೋಶದ ಸೋಂಕಿನಿಂದ ತೀರಿಕೊಂಡಳು.

ತಿಂಗಳ ನಂತರ ಒಂದು ಮಧ್ಯಾಹ್ನ, ಅವಳ ಮಾತು ನಡೆಸೋಣವೆಂದು, ಕತ್ತರಿಸಿಟ್ಟ ಉಸಿರುಗಳನ್ನು ಕಂಪ್ಯೂಟರಿನಲ್ಲಿ ತೆರೆದೆ. ತೆಗೆದದ್ದು ಮೂವತ್ತೇಳು, ನನ್ನ ಪುಸ್ತಕದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಮೂವತ್ತೆಂಟಿದ್ದವು. ಉಳಿದವು ಗಿಡ್ಡ; ಕೊನೆಯದರಲ್ಲಿ ಉಸಿರು ಉದ್ದಕ್ಕೆ ಒಳಗೆ ಹೋಗಿ ನಿಲ್ಲುತ್ತದೆ, ಹೊರಗೆ ಬರುವುದಿಲ್ಲ. ಹಾಡು ಶುರುಮಾಡುವ ಮುನ್ನ ಅಕ್ಕ ಹೀಗೇ ಎಳೆದುಕೊಳ್ಳುತ್ತಿದ್ದಳು.

ತಲೆಯೆತ್ತಿದೆ. ಗಾಜಿನಾಚೆ ಹಾಡುವ ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೆ ಗಾಜಿನ ಆ ಬದಿಯಲ್ಲಿ, ಅವಳ ಬಾಯಿಯ ಎತ್ತರಕ್ಕೆ, ಅಂಗೈಯಗಲ ಆವಿ ಕಟ್ಟಿತ್ತು. ನಾನು ನೋಡುತ್ತಿದ್ದಂತೆ ಅದು ಆರಿತು, ಮತ್ತೆ ಕಟ್ಟಿತು.

ಮೂವತ್ತೇಳನ್ನೂ ಹಾಡಿನೊಳಗೆ ಅವುಗಳ ಜಾಗದಲ್ಲೇ ಕೂರಿಸಿದೆ. ಮೂವತ್ತೆಂಟನೆಯದಕ್ಕೆ ಆ ಹಾಡಿನಲ್ಲಿ ಜಾಗವಿರಲಿಲ್ಲ. ಅಂದೇ ಮೈಕನ್ನು ಬಿಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಇವತ್ತು ಎಣಿಸಿದೆ. ನಲವತ್ತೊಂದಿವೆ.